ಕೃಷ್ಣೆಯ ತವರುಮನೆ

ನಮ್ಮ ಸೀಮೆಯಲ್ಲಿ ಗುಡ್ಡವೆಂದರೆ ಕುರಿ ಹತ್ತುವಷ್ಟು ಎತ್ತರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಈ ನಾಲ್ಕೂ ತಾಲೂಕುಗಳನ್ನು ಒಂದು ಸಲ ಸುತ್ತಿ ಬನ್ನಿ. ಕಣ್ಣು ಹಾಯುವವರೆಗೆ ಎರೆಭೂಮಿ, ಅದರ ಮೇಲೆ ಬಿಳಿಜೋಳ, ಕಡಲೆ, ಕುಸುಬೆ. ಬದುವಿನಲ್ಲಿ ಒಂದು ಜಾಲಿ, ಊರ ಮುಂದೆ ಒಂದು ಬೇವು, ಹಳ್ಳದ ದಂಡೆಗೆ ನಾಲ್ಕು ಹುಣಸೆ. ಈಚೆಗೆ ಈ ತಾಲೂಕುಗಳು ಒಡೆದು ಚಡಚಣ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳೂ ತಾಲೂಕುಗಳಾದವು. ಹೆಸರು ಹೆಚ್ಚಿದವು, ನೆರಳು ಹೆಚ್ಚಲಿಲ್ಲ. ಏಪ್ರಿಲ್ ತಿಂಗಳಿನಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿದ ಮೇಲೆ ನಮಗೆ ತಂಪೆಂದರೆ ಹರವಿಯ ನೀರು, ಉಪ್ಪು ಹಾಕಿದ ಮಜ್ಜಿಗೆ, ಗುಡಿಯ ಕಟ್ಟೆ, ಅಷ್ಟೇ.

ಹೀಗಿರುವ ನಮ್ಮ ಊರುಗಳ ಹಿರಿಯರ ಬಾಯಲ್ಲಿ ಒಂದು ಬೆಟ್ಟದ ಹೆಸರು ಮಾತ್ರ ಆಗಾಗ ಬರುತ್ತಿತ್ತು. ಅದು ಮಹಾಬಳೇಶ್ವರ. ಮಡಿಕೇರಿ, ಚಿಕ್ಕಮಗಳೂರು, ಕೆಮ್ಮಣ್ಣುಗುಂಡಿಗಳು ಅವರಿಗೆ ಪರದೇಶದಷ್ಟು ದೂರ. ಇದಕ್ಕೆ ಕಾರಣವಿಲ್ಲದೆ ಇಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಅದಕ್ಕೂ ಮುಂಚೆ, ಇಂಗ್ಲಿಷರ ಕಾಲದಲ್ಲಿ, ಮುಂಬಯಿ ಇಲಾಖೆಯ ಸರಕಾರ ಬೇಸಿಗೆ ಬಂದೊಡನೆ ಕಾಗದಪತ್ರ ಕಟ್ಟಿಕೊಂಡು ಮಹಾಬಳೇಶ್ವರಕ್ಕೆ ಹೋಗುತ್ತಿತ್ತು. ಮಳೆಗಾಲಕ್ಕೆ ಪುಣೆಗೆ ಇಳಿಯುತ್ತಿತ್ತು. ‘ಸಾಹೇಬರು ಗುಡ್ಡಾ ಏರ್ಯಾರ’ ಎಂದರೆ ಅರ್ಜಿಯ ಉತ್ತರ ತಡವಾಗುತ್ತದೆ ಎಂದೇ ಹಳಬರು ತಿಳಿದುಕೊಳ್ಳುತ್ತಿದ್ದರು.

2018ರ ಡಿಸೆಂಬರ್ ತಿಂಗಳಿನಲ್ಲಿ ನಾವು ಆರು ಜನ ಒಂದು ಬಾಡಿಗೆ ಗಾಡಿ ಮಾಡಿಕೊಂಡು ಈ ಬೆಟ್ಟಕ್ಕೆ ಹೊರಟೆವು. ನಮ್ಮಲ್ಲಿ ಇಬ್ಬರು ಮಾಸ್ತರರು, ಒಬ್ಬ ಕಿರಾಣಿ ಅಂಗಡಿಯವ, ನಾನು, ನನ್ನ ಹೆಂಡತಿ ಮತ್ತು ಅವಳ ಕಾಕಾ. ಕಾಕಾನಿಗೆ ಎಂಬತ್ತರ ಹತ್ತಿರ ವಯಸ್ಸು. ಬಾಗೇವಾಡಿ ತಾಲೂಕಿನ ಕೃಷ್ಣಾ ದಂಡೆಯ ಒಂದು ಹಳ್ಳಿಯ ಒಕ್ಕಲಿಗ. ಆ ಹಳ್ಳಿ ಈಗ ಆಲಮಟ್ಟಿಯ ಹಿನ್ನೀರಿನಲ್ಲಿದೆ. ಬೆಟ್ಟ ನೋಡಬೇಕೆಂಬ ಆಸೆ ಕಾಕಾನಿಗೆ ಇರಲಿಲ್ಲ. ‘ಹೊಳಿ ಹುಟ್ಟೂದು ಅಲ್ಲೆ ಅಂತಲ್ಲಾ, ಅದನ್ನ ತೋರಸ್ರಿ ಸಾಕು’ ಎಂದು ಗಾಡಿ ಹತ್ತಿದ. ಬುತ್ತಿಗೆ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ, ಒಂದು ಡಬ್ಬಿ ಗಟ್ಟಿ ಮೊಸರು ಇದ್ದವು.

ಜತ್ತ ದಾಟುವವರೆಗೆ ಎಲ್ಲಿ ಚಹಾಕ್ಕೆ ನಿಂತರೂ ಕನ್ನಡವೇ ಕಿವಿಗೆ ಬೀಳುತ್ತದೆ. ಆಮೇಲೆ ಮಿರಜ, ಸಾಂಗಲಿ. ಸಾಂಗಲಿಯಲ್ಲಿ ಕೃಷ್ಣೆ ಮೊದಲು ಕಾಣಿಸಿದಳು. ಕರಾಡದಲ್ಲಿ ಕೊಯ್ನಾ ಬಂದು ಅವಳನ್ನು ಎದುರಾಎದುರಾಗಿ ಕೂಡುವುದನ್ನು ನೋಡಿದೆವು. ಅಲ್ಲಿಯವರು ಅದನ್ನು ‘ಪ್ರೀತಿಸಂಗಮ’ ಎನ್ನುತ್ತಾರೆ. ವಾಯಿಯಲ್ಲಿ ಅವಳು ಕಲ್ಲಿನ ಘಾಟುಗಳ ನಡುವೆ ಹರಿಯುವ ಸಣ್ಣ ಹೊಳೆ. ಊರಿಂದ ಊರಿಗೆ ಹೊಳೆ ಕಿರಿದಾಗುತ್ತ ಹೋದಂತೆ ಕಾಕಾ ಕಿಟಕಿಗೆ ಮುಖ ಹಚ್ಚಿ ಕೂತುಬಿಟ್ಟ. ವಾಯಿಯಿಂದ ಪಸರಣಿ ಘಾಟು ಏರಿದರೆ ಪಂಚಗಣಿ, ಅಲ್ಲಿಂದ ಹನ್ನೆರಡು ಮೈಲಿಗೆ ಮಹಾಬಳೇಶ್ವರ. ಸಮುದ್ರ ಮಟ್ಟದಿಂದ ಸುಮಾರು 4500 ಅಡಿ.

ಏರುವಾಗ ಕಾಣುವ ಬದಲಾವಣೆಯನ್ನು ಬಯಲುಸೀಮೆಯವರು ಮಾತ್ರ ಸರಿಯಾಗಿ ಅನುಭವಿಸಬಲ್ಲರು. ವಾಯಿಯವರೆಗೆ ಗುಡ್ಡಗಳು ಬೋಳು. ನಮ್ಮ ಕಡೆಯ ಜೋಳ, ಕಡಲೆಯೇ ಅಲ್ಲಿಯೂ ಬೆಳೆ. ಪಂಚಗಣಿಯಲ್ಲಿ ಸಿಲ್ವರ್ ಓಕ್ ಮರಗಳು ಸಾಲುಗಟ್ಟಿ ನಿಂತಿವೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಜಾನ್ ಚೆಸನ್ ಎಂಬ ಇಂಗ್ಲಿಷನು ಈ ಊರನ್ನು ಬೆಳೆಸಿದಾಗ ಹೊರದೇಶದ ಗಿಡಗಳನ್ನು ತಂದು ಇಲ್ಲಿ ನೆಟ್ಟ. ಮುಂದೆ ರಸ್ತೆಯ ಎರಡೂ ಬದಿಗೆ ಸ್ಟ್ರಾಬೆರಿ ಮಡಿಗಳು. ಮಡಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ತೂತು ಕೊರೆದು, ಅದರಲ್ಲಿ ಸಸಿ ನೆಟ್ಟಿರುತ್ತಾರೆ. ಮಳೆಗಾಲ ಮುಗಿಯುತ್ತಲೇ ನಾಟಿ, ನವೆಂಬರ್ ಕೊನೆಯಿಂದ ಹಣ್ಣು. 2010ರಲ್ಲಿ ಈ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಲ್ಲೇ ಭಿಲಾರ ಎಂಬ ಹಳ್ಳಿಯಿದೆ. 2017ರಿಂದ ಅಲ್ಲಿನ ಒಕ್ಕಲಿಗರು ತಮ್ಮ ಮನೆಗಳ ಒಂದೊಂದು ಕೋಣೆಯನ್ನು ಪುಸ್ತಕಗಳಿಗೆ ಬಿಟ್ಟುಕೊಟ್ಟಿದ್ದಾರೆ. ಹೋದವರು ಕೂತು ಓದಬಹುದು. ನಮ್ಮ ಮಾಸ್ತರರಿಬ್ಬರೂ ಗಾಡಿಗೆ ಮರಳುವ ಮನಸ್ಸೇ ಮಾಡಲಿಲ್ಲ.

ಪಂಚಗಣಿ ಬಿಟ್ಟು ಪಶ್ಚಿಮಕ್ಕೆ ಹೋದಂತೆ ಕಾಡು ಒತ್ತಾಯಿತು. ಕೊಡಗಿನ ಮುಗಿಲು ಮುಟ್ಟುವ ಮರಗಳಲ್ಲ ಇವು. ನೇರಳೆ, ಅಂಜನಿ, ಅಳಲೆ, ಎಲ್ಲವೂ ಗಾಳಿಗೆ ತಲೆ ತಗ್ಗಿಸಿ, ಗಂಟುಗಂಟಾಗಿ, ಪಾಚಿ ಹೊದ್ದು ನಿಂತಿವೆ. ಅವುಗಳ ನಡುವೆ ಏಳೆಂಟು ವರ್ಷಕ್ಕೊಮ್ಮೆ ಹೂ ಬಿಡುವ ಕಾರವಿಯ ಪೊದೆ. ಒಂದು ಕೊಂಬೆಯಿಂದ ಇನ್ನೊಂದಕ್ಕೆ ಬೆಕ್ಕಿನಷ್ಟು ದೊಡ್ಡದೊಂದು ಕೆಂಪು ಅಳಿಲು ಹಾರಿತು. ಅದು ಕೆಂದಳಿಲು, ಮರಾಠಿಯಲ್ಲಿ ‘ಶೇಕರೂ’, ಮಹಾರಾಷ್ಟ್ರದ ರಾಜ್ಯಪ್ರಾಣಿ. ಚಿಗರಿ ಮತ್ತು ತೋಳ ಬಿಟ್ಟರೆ ಬೇರೆ ಕಾಡುಪ್ರಾಣಿ ಕಾಣದ ನಮ್ಮ ಅಂಗಡಿಯವ ಅದನ್ನು ಮಂಗವೆಂದೇ ವಾದಿಸಿದ. ಈ ಕಾಡಿನಲ್ಲಿ ಕಾಡುಕೋಣ, ಕಾಡುಕುರಿ, ಚಿರತೆಗಳಿವೆ. ದಕ್ಷಿಣಕ್ಕೆ ಕೊಯ್ನಾ ಕಣಿವೆಯ ಅಭಯಾರಣ್ಯ ಮತ್ತು ಚಾಂದೋಲಿ ಸೇರಿ 2010ರಲ್ಲಿ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶವಾಗಿದೆ.

ಇನ್ನು ಇತಿಹಾಸಕ್ಕೆ ಬರೋಣ. ಅಲ್ಲಿಯ ಮಾರ್ಗದರ್ಶಿಗಳು ಹೇಳುವ ಇತಿಹಾಸ 1824ರಿಂದ ಶುರುವಾಗುತ್ತದೆ. ಸಾತಾರೆಯಲ್ಲಿದ್ದ ಇಂಗ್ಲಿಷ್ ಸೈನ್ಯಾಧಿಕಾರಿ ಲಾಡ್ವಿಕ್ ಆ ವರ್ಷ ಕಾಡು ಸೀಳಿ ಈ ಬೆಟ್ಟ ಹತ್ತಿದ. ಅವನ ಹೆಸರಿನ ಒಂದು ‘ಪಾಯಿಂಟ್’ ಇದೆ, ಅಲ್ಲೊಂದು ಕಂಬವೂ ಇದೆ. ಮುಂದೆ ಮುಂಬಯಿಯ ಗವರ್ನರ್ ಸರ್ ಜಾನ್ ಮಾಲ್ಕಮ್ 1828ರ ಹೊತ್ತಿಗೆ ಇಲ್ಲಿ ಕಾಯಿಲೆಯ ಸೈನಿಕರಿಗಾಗಿ ಒಂದು ಆರೋಗ್ಯಧಾಮ ಮಾಡಿಸಿದ. 1829ರಲ್ಲಿ ಸಾತಾರೆಯ ರಾಜ ಪ್ರತಾಪಸಿಂಹನೊಡನೆ ಒಪ್ಪಂದ ಮಾಡಿಕೊಂಡು, ವಾಯಿ ಕಡೆಯ ಖಂಡಾಳಾ ಎಂಬ ಹಳ್ಳಿಯನ್ನು ರಾಜನಿಗೆ ಕೊಟ್ಟು, ಬೆಟ್ಟವನ್ನು ಕಂಪನಿ ಸರಕಾರಕ್ಕೆ ಪಡೆದ. ಪೇಟೆಗೆ ‘ಮಾಲ್ಕಮ್ ಪೇಟ’ ಎಂದು ಹೆಸರಾಯಿತು. ಒಂದು ಹಳ್ಳಿ ಕೊಟ್ಟು ಐದು ನದಿಗಳ ಮೂಲವನ್ನೇ ಕೊಂಡ ವ್ಯಾಪಾರ ಅದು.

ಇಲ್ಲಿ ನಮ್ಮ ಜಿಲ್ಲೆಯವರು ಒಂದು ಮಾತು ನೆನಪಿಡಬೇಕು. ಆ ಪ್ರತಾಪಸಿಂಹ ನಮಗೆ ಪರಕೀಯನಲ್ಲ. 1818ರಲ್ಲಿ ಪೇಶ್ವೆಯನ್ನು ಸೋಲಿಸಿದ ಮೇಲೆ ಇಂಗ್ಲಿಷರು ಸಾತಾರೆಯ ಗಾದಿಯನ್ನು ಮತ್ತೆ ನಿಲ್ಲಿಸಿದಾಗ ವಿಜಾಪುರವನ್ನೂ ಅದರ ಸುತ್ತಿನ ಸೀಮೆಯನ್ನೂ ಅದೇ ರಾಜನಿಗೆ ಕೊಟ್ಟಿದ್ದರು. ಗೋಳಗುಮ್ಮಟದ ಊರಿಗೂ ಕೃಷ್ಣೆ ಹುಟ್ಟುವ ಊರಿಗೂ ಆಗ ಒಬ್ಬನೇ ಅರಸ. 1839ರಲ್ಲಿ ಇಂಗ್ಲಿಷರು ಅವನನ್ನು ಗಾದಿಯಿಂದ ಇಳಿಸಿ ಕಾಶಿಗೆ ಕಳಿಸಿದರು. ತಮ್ಮ ಶಹಾಜಿ, ಜನ ಕರೆಯುತ್ತಿದ್ದುದು ಅಪ್ಪಾಸಾಹೇಬ ಎಂದು, ಪಟ್ಟಕ್ಕೆ ಬಂದ. ಈಗ ಪ್ರವಾಸಿಗರು ದೋಣಿ ಹತ್ತುವ ವೇಣ್ಣಾ ಕೆರೆಯನ್ನು 1842ರಲ್ಲಿ ಕಟ್ಟಿಸಿದವನು ಇವನೇ. 1848ರಲ್ಲಿ ಅವನು ತೀರಿಕೊಂಡಾಗ ಹೊಟ್ಟೆಯ ಮಗನಿಲ್ಲವೆಂಬ ನೆವ ಹೇಳಿ ಡಾಲ್‌ಹೌಸಿ ಇಡೀ ಸಂಸ್ಥಾನವನ್ನೇ ನುಂಗಿದ. ಬೆಟ್ಟದ ಜೊತೆ ವಿಜಾಪುರವೂ ಹೀಗೆ ಇಂಗ್ಲಿಷರ ಕೈಗೆ ಹೋಯಿತು.

ಇನ್ನೂ ಹಿಂದಕ್ಕೆ ಹೋದರೆ ನಂಟು ಇನ್ನೂ ಗಟ್ಟಿ. ಈ ಬೆಟ್ಟವಿರುವ ಜಾವಳಿಯ ಕಾಡನ್ನು ಆಳುತ್ತಿದ್ದವರು ಮೋರೆ ಮನೆತನದವರು. ಅವರ ‘ಚಂದ್ರರಾವ್’ ಎಂಬ ಬಿರುದು ವಿಜಾಪುರದ ಆದಿಲಶಾಹಿಯವರು ಕೊಟ್ಟದ್ದು. 1656ರಲ್ಲಿ ಶಿವಾಜಿ ಜಾವಳಿಯನ್ನು ಗೆದ್ದು, ಅದರ ಬೆನ್ನಿಗೇ ಪ್ರತಾಪಗಡ ಕಟ್ಟಿಸಿದ. ಮೂರು ವರ್ಷದ ಮೇಲೆ ವಿಜಾಪುರದಿಂದ ದೊಡ್ಡ ಸೈನ್ಯದೊಡನೆ ಹೊರಟ ಅಫಜಲಖಾನ ಹಿಂದೆ ವಾಯಿ ಪ್ರಾಂತದ ಸುಬೇದಾರನಾಗಿದ್ದವನು. ಆ ಕಾಡಿನ ದಾರಿಗಳು ಅವನಿಗೆ ಹೊಸವೇನಲ್ಲ. 1659ರ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಅವನು ಹತನಾದ ಕಥೆಯನ್ನು ಎಲ್ಲರೂ ಬಲ್ಲರು. ಅವನ ಗೋರಿ ಅಲ್ಲೇ ಇದೆ. ಆದರೆ ಅವನು ತನಗಾಗಿ ಕಟ್ಟಿಸಿಕೊಂಡಿದ್ದ ಗೋರಿ ವಿಜಾಪುರದ ಹೊರವಲಯದಲ್ಲಿ ಇಂದಿಗೂ ಖಾಲಿ ನಿಂತಿದೆ. ಅದರಾಚೆ ಒಂದೇ ಅಳತೆಯ, ಅರವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳ ಗೋರಿಗಳು ಸಾಲುಸಾಲಾಗಿವೆ. ಯುದ್ಧದಿಂದ ಮರಳಿ ಬರುವುದಿಲ್ಲವೆಂದು ಜ್ಯೋತಿಷಿ ಹೇಳಿದ್ದಕ್ಕೆ ಹೊರಡುವ ಮೊದಲೇ ತನ್ನ ಹೆಂಡಂದಿರನ್ನು ಕೊಲ್ಲಿಸಿದನೆಂದು ಜನ ಹೇಳುತ್ತಾರೆ. ಇದು ಐತಿಹ್ಯ. ಅದರ ನಿಜ ಏನೇ ಇರಲಿ, ಆ ಗೋರಿಗಳ ಸಾಲನ್ನು ನೋಡಿದವನು ಪ್ರತಾಪಗಡದ ಮೇಲೆ ನಿಂತು ಒಂದೇ ಕಡೆಯ ಜಯಕಾರ ಹಾಕಲಾರ. ಗೆದ್ದ ಊರಿನಲ್ಲಿ ಹಬ್ಬವಾಗುತ್ತದೆ, ಸೋತ ಊರಿನಲ್ಲಿ ಗೋರಿ ಉಳಿಯುತ್ತದೆ. ಎರಡನ್ನೂ ನೋಡಬಲ್ಲಷ್ಟು ಹತ್ತಿರದಲ್ಲಿದ್ದೇವೆ ನಾವು.

ಗಿರಿಧಾಮದ ಊರನ್ನು ಕಟ್ಟಿದ ಕೈಗಳು ಯಾರವು ಎಂಬುದನ್ನೂ ಕೇಳಬೇಕು. ಎಲ್ಫಿನ್‌ಸ್ಟನ್ ಪಾಯಿಂಟ್, ಲಾಡ್ವಿಕ್ ಪಾಯಿಂಟ್, ವಿಲ್ಸನ್ ಪಾಯಿಂಟ್ ಹೀಗೆ ಕಣಿವೆಯ ಅಂಚಿನ ಒಂದೊಂದು ಬಂಡೆಗೂ ಒಬ್ಬೊಬ್ಬ ಸಾಹೇಬನ ಹೆಸರಿದೆ. ದಾರಿ ಕಡಿದವರ ಹೆಸರು ಯಾವ ಬಂಡೆಯ ಮೇಲೂ ಇಲ್ಲ. 1834ರ ಸುಮಾರಿನಿಂದ 1864ರವರೆಗೆ ಇಲ್ಲೊಂದು ಸೆರೆಮನೆಯಿತ್ತು. ಅದರಲ್ಲಿದ್ದವರು ಸಿಂಗಾಪುರ, ಪಿನಾಂಗ್ ಕಡೆಯಿಂದ ಶಿಕ್ಷೆಯಾಗಿ ಬಂದ ಚೀನಿ ಮತ್ತು ಮಲಯ ಕೈದಿಗಳು. ಸಾಹೇಬರ ಸಾರೋಟು ಓಡಾಡುವ ರಸ್ತೆಗಳಲ್ಲಿ ದುಡಿದವರು ಇವರು. ಅವರ ಊಟದ ಮೇಜಿಗೆ ಆಲೂಗಡ್ಡೆ, ಕಾಯಿಪಲ್ಲೆ ಬೆಳೆದು ಕೊಟ್ಟವರೂ ಇವರೇ. ಬಿಡುಗಡೆಯಾದ ಮೇಲೆ ಕೆಲವರು ಊರಿಗೆ ಮರಳದೆ ಇಲ್ಲಿಯೇ ತೋಟ ಮಾಡಿಕೊಂಡು ನಿಂತರು. ಇಂದು ಆ ಬೆಟ್ಟ ಕಾಯಿಪಲ್ಲೆಗೆ, ಹಣ್ಣಿಗೆ ಹೆಸರಾಗಿದ್ದರೆ ಅದರ ಮೊದಲ ಮಡಿಗಳಲ್ಲಿ ಆ ಹೆಸರಿಲ್ಲದ ಕೈದಿಗಳ ಬೆವರಿದೆ.

ಸರಕಾರ ತಾನೇ ಮಾಡಿದ ತೋಟ ಇಷ್ಟು ಚೆನ್ನಾಗಿ ನಡೆಯಲಿಲ್ಲ. ಮಲೇರಿಯಾ ಜ್ವರಕ್ಕೆ ಮದ್ದಾದ ಕ್ವಿನೈನ್ ತೆಗೆಯುವ ಸಿಂಕೋನಾ ಗಿಡವನ್ನು 1865ರ ಸುಮಾರಿಗೆ ಲಿಂಗಮಳೆಯಲ್ಲಿ ನೆಡಿಸಿದರು. ಹತ್ತು ವರ್ಷದಲ್ಲಿ ಕೈಬಿಟ್ಟರು. ನಾಲ್ಕು ತಿಂಗಳು ಬಿಟ್ಟೂಬಿಡದೆ ಹೊಡೆಯುವ ಮಳೆ, ಉಳಿದ ಎಂಟು ತಿಂಗಳ ಒಣಹವೆ ಆ ಗಿಡಕ್ಕೆ ಒಗ್ಗಲಿಲ್ಲ.

ಈ ಮಳೆಯ ವಿಚಾರವೇ ನಮಗೆ ಮುಖ್ಯವಾದದ್ದು. ಮಹಾಬಳೇಶ್ವರದಲ್ಲಿ ವರ್ಷಕ್ಕೆ ಬೀಳುವ ಮಳೆ ಐದೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು. ಅಲ್ಲಿಂದ ಹನ್ನೆರಡು ಮೈಲಿ ಪೂರ್ವಕ್ಕಿರುವ ಪಂಚಗಣಿಯಲ್ಲಿ ಅದರ ಮೂರನೆಯ ಒಂದು ಪಾಲಿನಷ್ಟು. ವಾಯಿಗೆ ಇಳಿದರೆ ಅದಕ್ಕಿಂತಲೂ ಕಡಿಮೆ. ಇಂಡಿ, ಸಿಂದಗಿಗೆ ಬರುವ ಹೊತ್ತಿಗೆ ಐದಾರು ನೂರು ಮಿಲಿಮೀಟರು ಬಿದ್ದರೆ ನಾವು ಒಳ್ಳೆಯ ವರ್ಷ ಎನ್ನುತ್ತೇವೆ. ಸಮುದ್ರದಿಂದ ಬರುವ ಮೋಡಗಳು ಸಹ್ಯಾದ್ರಿಯ ಗೋಡೆ ಏರುವಾಗ ತಮ್ಮ ಗಂಟನ್ನೆಲ್ಲ ಅಲ್ಲಿಯೇ ಬಿಚ್ಚಿಬಿಡುತ್ತವೆ. ಗೋಡೆ ದಾಟಿ ನಮ್ಮ ಕಡೆ ಬರುವಾಗ ಅವುಗಳ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ನಮ್ಮ ಎರೆಹೊಲ ಒಣಗುವುದಕ್ಕೂ ಆ ಬೆಟ್ಟ ಹಸಿರಾಗಿರುವುದಕ್ಕೂ ಕಾರಣ ಒಂದೇ. ನಮ್ಮ ಬರ ಹುಟ್ಟುವುದೂ ಅಲ್ಲೇ, ನಮ್ಮ ಹೊಳೆ ಹುಟ್ಟುವುದೂ ಅಲ್ಲೇ. ಒಂದು ಕೈಯಿಂದ ಮಳೆಯನ್ನು ತಡೆದ ಬೆಟ್ಟ ಇನ್ನೊಂದು ಕೈಯಿಂದ ಕೃಷ್ಣೆಯನ್ನು ಕೊಡುತ್ತದೆ.

ಆ ಬರ ಎಂಥದೆಂಬುದಕ್ಕೆ ಲೆಕ್ಕವಿದೆ. 1876ರಿಂದ 78ರವರೆಗೆ ಬಿದ್ದ ಬರದ ಕಾಲಕ್ಕೆ ನಮ್ಮದು ಕಲಾದಗಿ ಜಿಲ್ಲೆ. ಮುಖ್ಯಠಾಣೆ ವಿಜಾಪುರಕ್ಕೆ ಬಂದದ್ದು 1885ರಲ್ಲಿ. 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಬೆಳೆಯುವುದಿರಲಿ, ಸುಮಾರು ಐದರಲ್ಲೊಂದು ಪಾಲು ಕಡಿಮೆಯಾಯಿತು. ಸತ್ತವರು ಎಷ್ಟೋ, ಊರು ಬಿಟ್ಟವರು ಎಷ್ಟೋ. ಡೋಣಿ ಕೈ ಹಿಡಿದ ವರ್ಷ ಓಣಿ ತುಂಬ ಜೋಳ ಎಂಬುದು ನಮ್ಮ ಕಡೆಯ ಮಾತು. ಆ ಡೋಣಿಯೇ ಬತ್ತಿದಾಗ ಓಣಿಯಲ್ಲಿ ಜನವೇ ಉಳಿಯಲಿಲ್ಲ. ಕಲಾದಗಿಯ ಹಸಿವಿನ ಕಾಗದಗಳಲ್ಲಿ ಕೆಲವಾದರೂ ಬೇಸಿಗೆಯಲ್ಲಿ ಮಹಾಬಳೇಶ್ವರಕ್ಕೆ ಏರಿರಬೇಕು. ತಂಪು ಗಾಳಿಯ ಬಂಗಲೆಯಲ್ಲಿ ಕೂತು ಅವನ್ನು ಓದಿದವರಿಗೆ ನಮ್ಮ ಮೇ ತಿಂಗಳು ಎಷ್ಟು ಅರ್ಥವಾಗಿರಬಹುದು? ಆಳುವವರು ಜನರ ಬಿಸಿಲಿನಿಂದ ದೂರ ಕೂತರೆ ಆಡಳಿತ ಹೇಗಿರುತ್ತದೆ ಎಂಬುದು ಆ ಕಾಲದ ಪ್ರಶ್ನೆ ಮಾತ್ರವಲ್ಲ.

ಮರುದಿನ ಬೆಳಿಗ್ಗೆ ಪೇಟೆಯಿಂದ ನಾಲ್ಕು ಮೈಲಿ ದೂರದ ಕ್ಷೇತ್ರ ಮಹಾಬಳೇಶ್ವರಕ್ಕೆ ಹೋದೆವು. ಅದೇ ಹಳೆಯ ಊರು. ಅಲ್ಲಿಯ ಗುಡಿಯನ್ನು ಯಾದವ ಅರಸ ಸಿಂಘಣ ಕಟ್ಟಿಸಿದನೆಂಬ ಹೇಳಿಕೆಯಿದೆ. ಯಾದವರೂ ನಮಗೆ ಗುರುತಿನವರೇ. ಬಾಗೇವಾಡಿ ತಾಲೂಕಿನ ಮುತ್ತಗಿಯಲ್ಲಿ ಅವರ ಶಾಸನವಿದೆ. ಪಂಚಗಂಗಾ ಗುಡಿಯಲ್ಲಿ ಕೃಷ್ಣಾ, ವೇಣ್ಣಾ, ಕೊಯ್ನಾ, ಸಾವಿತ್ರಿ, ಗಾಯತ್ರಿ ಎಂಬ ಐದು ಧಾರೆಗಳು ಕೂಡಿ ಕಲ್ಲಿನ ಆಕಳ ಬಾಯಿಂದ ಕುಂಡಕ್ಕೆ ಬೀಳುತ್ತವೆ. ಸಾವಿತ್ರಿ ಪಶ್ಚಿಮಕ್ಕಿಳಿದು ಅರಬ್ಬೀ ಸಮುದ್ರ ಸೇರುತ್ತಾಳೆ. ಕೃಷ್ಣೆ ಪೂರ್ವಕ್ಕೆ ತಿರುಗಿ, ಸುಮಾರು 1400 ಕಿಲೋಮೀಟರು ನಡೆದು ಬಂಗಾಳ ಕೊಲ್ಲಿ ಸೇರುತ್ತಾಳೆ. ಒಂದೇ ಬೆಟ್ಟದ ಮಕ್ಕಳಿಗೆ ಎರಡು ಕಡಲು.

ಸ್ವಲ್ಪ ಆಚೆಗೆ ಕಣಿವೆಯ ಅಂಚಿನಲ್ಲಿ ಕೃಷ್ಣಾಬಾಯಿಯ ಹಳೆಯ ಕಲ್ಲುಗುಡಿಯಿದೆ. ಗೋಡೆಯ ತುಂಬ ಪಾಚಿ, ಜನಸಂದಣಿ ಕಡಿಮೆ. ಅಲ್ಲಿಯೂ ಒಂದು ಗೋಮುಖ, ಅದರಿಂದ ಸಣ್ಣಗೆ ನೀರು. ಕಾಕಾ ಚಪ್ಪಲಿ ಬಿಟ್ಟು ಕೆಳಗಿಳಿದ.

‘ತಮ್ಮಾ, ಹೊಳಿ ಎಲ್ಲೈತಿ?’

‘ಇದ ಹೊಳೀರಿ ಕಾಕಾ.’

ಆತ ನೀರಿನ ಧಾರೆಯ ಮುಂದೆ ತನ್ನ ಮುಂಗೈ ಹಿಡಿದು ನೋಡಿದ. ‘ನನ್ನ ಕೈಯಷ್ಟು ದಪ್ಪಿಲ್ಲಲ್ಲೋ ಇದು. ಇಷ್ಟ ನೀರಿಗೆ ನಮ್ಮೂರು ಮುಳುಗಿದ್ದೇನು?’

ಯಾರೂ ಮಾತನಾಡಲಿಲ್ಲ. ಆತ ಬೊಗಸೆಯಲ್ಲಿ ನೀರು ಹಿಡಿದು ಕಣ್ಣಿಗೆ ಹಚ್ಚಿಕೊಂಡ, ಕುಡಿದ. ಆಮೇಲೆ ಗುಡಿಯ ಕಟ್ಟೆಗೆ ಕೂತು ಕಣಿವೆಯನ್ನು ನೋಡುತ್ತ ಬಹಳ ಹೊತ್ತು ಇದ್ದ. ‘ಆಕೀದೇನು ತಪ್ಪೈತಿ? ಹರಿಯೂದು ಆಕಿ ಧರ್ಮ. ನಿಲ್ಲಿಸಿದವರು ನಾವು’ ಎಂದಷ್ಟೇ ಹೇಳಿದ. ಅದರಲ್ಲಿ ಸಿಟ್ಟಿರಲಿಲ್ಲ.

ಕಾಕಾನ ಮಾತಿನ ಹಿಂದಿನ ಇತಿಹಾಸ ನಮ್ಮ ಕಡೆಯವರಿಗೆ ಗೊತ್ತಿದ್ದದ್ದೇ. ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ಆಗ ಕಾಕಾನಿಗೆ ಇಪ್ಪತ್ತೈದರ ಆಸುಪಾಸು. ಗಾಡಿ ಕಟ್ಟಿಕೊಂಡು ನೋಡಲು ಹೋಗಿದ್ದನಂತೆ. ಕೆಳಗಿನ ನಾರಾಯಣಪುರದ ಜಲಾಶಯ 1982ರಲ್ಲಿ ಮುಗಿಯಿತು. ಆಲಮಟ್ಟಿಯನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದ್ದು 2006ರ ಆಗಸ್ಟ್ 21ರಂದು. ಅಡಿಗಲ್ಲಿನಿಂದ ಅರ್ಪಣೆಯವರೆಗೆ ನಲವತ್ತೆರಡು ವರ್ಷ. ಈ ನಡುವೆ ಹಲವು ಹತ್ತು ಹಳ್ಳಿಗಳು ಎದ್ದುಹೋದವು, ಹಳೆಯ ಬಾಗಲಕೋಟೆಯ ಬಹುಭಾಗವೇ ನೀರಿಗಾಯಿತು. 519.6 ಮೀಟರಿನವರೆಗೆ ನೀರು ನಿಂತರೆ 123 ಟಿ.ಎಂ.ಸಿ. ಸಂಗ್ರಹ. ಆ ನೀರಿನಿಂದ 290 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುತ್ ಕೇಂದ್ರ ನಡೆಯುತ್ತದೆ. ನಾರಾಯಣಪುರದ ಕಾಲುವೆಯ ಕವಲು ಸಿಂದಗಿ, ಇಂಡಿಯ ಕಡೆಗೂ ಬಂದಿದೆ. ಮುಳವಾಡ ಏತ ನೀರಾವರಿಯಿಂದ ಬಾಗೇವಾಡಿ ಕಡೆಯ ಕೆರೆ, ಹೊಲಗಳು ನೀರು ಕಂಡಿವೆ. ಜಾಲಿ ಮಾತ್ರ ಇದ್ದ ಕಡೆ ಈಗ ಕಬ್ಬು, ದ್ರಾಕ್ಷಿ, ದಾಳಿಂಬೆ ನಿಂತಿವೆ. ಒಬ್ಬನ ಹೊಲ ಮುಳುಗಿದ್ದರಿಂದ ಇನ್ನೊಬ್ಬನ ಹೊಲ ತೊಯ್ದಿದೆ ಎಂಬುದನ್ನು ತೊಯ್ದ ಹೊಲದವರು ಮರೆಯಬಾರದು.

ಕಾಡಿನ ಲೆಕ್ಕವೂ ಹೀಗೆಯೇ. ಮಹಾಬಳೇಶ್ವರದ ಕಾಡು ಉಳಿದದ್ದು ತನ್ನಷ್ಟಕ್ಕೆ ತಾನೇ ಅಲ್ಲ. ಗಿರಿಧಾಮದ ನೆರಳು ಕೆಡಬಾರದೆಂದು ಇಂಗ್ಲಿಷರು ಮರ ಕಡಿಯುವುದಕ್ಕೆ ಕಟ್ಟು ಹಾಕಿದರು. ಆ ಕಟ್ಟು ಬಡವರ ಹೊಟ್ಟೆಯ ಮೇಲೂ ಬಿತ್ತು. ಅಲ್ಲಿ ಧಾವಡರೆಂಬ ಮುಸಲ್ಮಾನ ಕಸುಬುದಾರರಿದ್ದರು. ಜಂಬಿಟ್ಟಿಗೆ ಕಲ್ಲಿನಿಂದ ಕಬ್ಬಿಣ ಕರಗಿಸಿ ತೆಗೆಯುವುದು ಅವರ ಕುಲಕಸುಬು. ಇದ್ದಿಲಿಗೆ ಕಾಡು ಸಿಗದಾಗಿ, ಅಗ್ಗದ ವಿಲಾಯತಿ ಕಬ್ಬಿಣ ಪೇಟೆಗೆ ಬಂದು, ಅವರ ಕುಲುಮೆಗಳು ಆರಿದವು. ಗುಡ್ಡದ ಇಳಿಜಾರಿನಲ್ಲಿ ಪೊದೆ ಸುಟ್ಟು ರಾಗಿ ಬಿತ್ತುತ್ತಿದ್ದ ಬೆಟ್ಟದ ಒಕ್ಕಲುಗಳಿಗೂ ಜಾಗ ಕಿರಿದಾಯಿತು. ಹುಲಿಗೆ ಜಾಗ ಬೇಕಾದಾಗ ಕೊಯ್ನಾ ಕಣಿವೆಯ ಹಳ್ಳಿಗಳು ಎದ್ದವು; ಅದಕ್ಕೂ ಮುಂಚೆ ಕೊಯ್ನಾ ಅಣೆಕಟ್ಟಿಗಾಗಿ ಎದ್ದಿದ್ದವು. ಹೊಳೆಯ ಮೇಲ್ತುದಿಯಲ್ಲಿಯೂ ನಮ್ಮ ಕಾಕಾನಂಥವರು ಇದ್ದಾರೆ. ಭಾಷೆ ಮರಾಠಿ, ಅಷ್ಟೇ ವ್ಯತ್ಯಾಸ.

ಹಾಗೆಂದು ಕಾಡು ಬೇಡವೆನ್ನಲಾಗದು. ಆ ಬೆಟ್ಟದ ತಲೆಯ ಮೇಲಿರುವ ಜಂಬಿಟ್ಟಿಗೆ ಕಲ್ಲು ತೂತುತೂತಾದದ್ದು. ಅದರ ಮೇಲೆ ಮರ, ಪೊದೆ, ತರಗೆಲೆ ಇದ್ದರೆ ಬಿದ್ದ ಮಳೆ ಓಡಿಹೋಗದೆ ಒಳಗಿಳಿದು, ಬೇಸಿಗೆಯವರೆಗೂ ಸಣ್ಣಗೆ ಒಸರುತ್ತದೆ. ಕಾಕಾ ಬೊಗಸೆಯಲ್ಲಿ ಹಿಡಿದದ್ದು ಅಂಥ ನೀರು. ಮೇಲಿನ ಕಾಡು ಬೋಳಾದರೆ ಮಳೆಗಾಲದಲ್ಲಿ ಪ್ರವಾಹ, ಬೇಸಿಗೆಯಲ್ಲಿ ಬರಿ ಮರಳು, ಜಲಾಶಯದ ಹೊಟ್ಟೆಯಲ್ಲಿ ಹೂಳು. ಕೇಂದ್ರ ಸರಕಾರ 2001ರಲ್ಲಿ ಮಹಾಬಳೇಶ್ವರ ಮತ್ತು ಪಂಚಗಣಿಯನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಸಾರಿತು. ಆದರೂ ಘಾಟಿನುದ್ದಕ್ಕೂ ಹೋಟೆಲು, ಬಂಗಲೆಗಳು ಒತ್ತಾಗಿ ಎದ್ದಿರುವುದನ್ನು ನೋಡಿದೆವು. ರಜೆಯ ದಿನಗಳಲ್ಲಿ ಗಾಡಿಗಳ ಸಾಲು ಕರಗುವುದೇ ಇಲ್ಲ. ಆ ಸಾಲಿನಲ್ಲಿ ನಮ್ಮದೂ ಒಂದಿತ್ತು.

ಮರುವರ್ಷ, 2019ರ ಆಗಸ್ಟಿನಲ್ಲಿ, ಅದೇ ಬೆಟ್ಟದಲ್ಲಿ ಮಳೆ ಹುಚ್ಚೆದ್ದು ಸುರಿಯಿತು. ನಾವು ಚಹಾ ಕುಡಿದಿದ್ದ ಸಾಂಗಲಿಯ ಓಣಿಗಳಲ್ಲಿ ದೋಣಿ ನಡೆದವು. ಆಲಮಟ್ಟಿಯ ಹಿನ್ನೀರಿನಿಂದಲೇ ನಮ್ಮ ಊರು ಮುಳುಗಿತೆಂದು ಅವರು, ಮೇಲಿನ ಅಣೆಕಟ್ಟುಗಳಿಂದ ಒಮ್ಮೆಲೇ ನೀರು ಬಿಟ್ಟಿರೆಂದು ಇವರು. ಮುದ್ದೇಬಿಹಾಳದ ನದಿದಂಡೆಯ ರೈತ ಮಾತ್ರ ತೇಲಿಹೋದ ಪಂಪ್‌ಸೆಟ್ಟು ಹುಡುಕುತ್ತಿದ್ದ. ಈ ಹೊಳೆಯ ನ್ಯಾಯ ಹಳೆಯದು. 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಾಧಿಕರಣ ಮೂರು ರಾಜ್ಯಗಳಿಗೆ ನೀರು ಹಂಚಿತು, ಕೊಯ್ನಾದಿಂದ ಪಶ್ಚಿಮಕ್ಕೆ ತಿರುಗಿಸಿ ವಿದ್ಯುತ್ ತೆಗೆಯಲು 67.5 ಟಿ.ಎಂ.ಸಿ. ಒಪ್ಪಿತು. 2010ರಲ್ಲಿ ಎರಡನೆಯ ನ್ಯಾಯಾಧಿಕರಣ ಆಲಮಟ್ಟಿಯ ನೀರಿನ ಮಟ್ಟ 524.256 ಮೀಟರಿಗೆ ಏರಬಹುದೆಂದಿತು. ಜಗಳ ಅಲ್ಲಿಗೆ ಮುಗಿಯಲಿಲ್ಲ. ನ್ಯಾಯಾಧಿಕರಣಗಳ ಲೆಕ್ಕದಲ್ಲಿ ಟಿ.ಎಂ.ಸಿ.ಗಳಿವೆ, ಅವು ಹುಟ್ಟುವ ಪಾಚಿಗಲ್ಲು, ಗಂಟುಮರ, ತರಗೆಲೆಗಳನ್ನು ಯಾವ ರಾಜ್ಯವೂ ತನ್ನ ಪಾಲೆಂದು ಕೇಳಿದ್ದಿಲ್ಲ.

ನಮ್ಮ ಕಡೆ ಹೆಣ್ಣು ತಂದ ಮನೆಯವರು ಅವಳ ತವರಿನ ಸುಖದುಃಖಕ್ಕೂ ಬಾಧ್ಯರು. ಪಂಚಮಿಗೆ ಕರೆಯಲು ಅಣ್ಣ ಬರದಿದ್ದರೆ ಯಾಕೆ ಬರಲಿಲ್ಲ ಎಂದು ಬೀಗರೇ ವಿಚಾರಿಸುತ್ತಾರೆ. ಕೃಷ್ಣೆ ಹಾಗೆ ನಮ್ಮ ಮನೆಗೆ ಬಂದವಳು. ಅವಳ ತವರಿನಲ್ಲಿ ಮಳೆ ಹೇಗಾಯಿತು, ಎಷ್ಟು ನೀರು ಬಿಟ್ಟರು ಎಂದು ಜೂನ್ ಬಂದರೆ ನಾವು ದಿನವೂ ಪೇಪರಿನಲ್ಲಿ ನೋಡುತ್ತೇವೆ. ಅಲ್ಲಿಯ ಕಾಡು ಹೇಗಿದೆ, ಅಲ್ಲಿ ಬದುಕಿ ಎದ್ದುಹೋದವರು ಎಲ್ಲಿದ್ದಾರೆ ಎಂದು ಕೇಳುವುದನ್ನೂ ರೂಢಿಸಿಕೊಳ್ಳಬೇಕು. ಬೆಟ್ಟಕ್ಕೆ ಹೋಗುವ ನಮ್ಮ ಊರಿನ ಮಕ್ಕಳು ಪಾಯಿಂಟುಗಳನ್ನು ನೋಡಲಿ, ಹಣ್ಣು ತಿನ್ನಲಿ, ಪಟ ತೆಗೆಸಿಕೊಳ್ಳಲಿ. ಹಾಗೆಯೇ ಕೃಷ್ಣಾಬಾಯಿಯ ಗುಡಿಗೂ ಇಳಿದು ಆ ಧಾರೆಗೆ ಮುಂಗೈ ಹಿಡಿದು ನೋಡಲಿ. ಊರಿನ ನಲ್ಲಿಗೆ ಬರುವ ನೀರಿನ ಬೆಲೆ ಶಾಲೆಯ ಪುಸ್ತಕಕ್ಕಿಂತ ಅಲ್ಲಿ ಬೇಗ ತಿಳಿಯುತ್ತದೆ.